ಎಂಟು ಜನರ ಊಟದಿಂದ ಬೆಳೆದ ಹಬ್ಬ

ಊರಿನಿಂದ ಬಂದ ನೆಂಟರನ್ನು ಮೊದಲ ಶನಿವಾರ ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆ ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ ಏಳುವುದೇ ಇಲ್ಲ. ಅವರು ವಿಮಾನ ಹತ್ತುವ ಮೊದಲೇ ಡಿಸ್ನಿಲ್ಯಾಂಡ್ ನಿಶ್ಚಯವಾಗಿರುತ್ತದೆ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಆದರೆ ಎರಡನೆಯ ಶನಿವಾರ ನಾನು ನನ್ನ ಹಠ ಸಾಧಿಸುತ್ತೇನೆ. ಡಿಸ್ನಿಲ್ಯಾಂಡಿಗೆ ಆರೇಳು ಮೈಲಿ ದೂರದ ಬ್ಯೂನಾ ಪಾರ್ಕ್ ಎಂಬ ಊರಿನಲ್ಲಿ ‘ನಾಟ್ಸ್ ಬೆರಿ ಫಾರ್ಮ್’ ಎಂಬ ಮನರಂಜನಾ ಉದ್ಯಾನವೊಂದಿದೆ. “ಹೆಸರೇ ತೋಟ ಎಂದಿದೆಯಲ್ಲ, ತೋಟ ನೋಡಲು ಅಮೆರಿಕೆಗೆ ಬರಬೇಕಿತ್ತೇ?” ಎಂದು ಗೊಣಗುತ್ತಲೇ ನೆಂಟರು ಕಾರು ಹತ್ತುತ್ತಾರೆ. ಒಳಗೆ ಕಾಲಿಟ್ಟರೆ ತೋಟವಿಲ್ಲ! ಆಕಾಶಕ್ಕೆ ಏರಿ ಪಾತಾಳಕ್ಕೆ ಧುಮುಕುವ ರೋಲರ್ ಕೋಸ್ಟರುಗಳು, ಅವುಗಳಲ್ಲಿ ಕುಳಿತವರ ಚೀರಾಟ, ಮಕ್ಕಳಿಗಾಗಿ 1983ರಲ್ಲಿ ತೆರೆದ ‘ಕ್ಯಾಂಪ್ ಸ್ನೂಪಿ’, ಮರದ ಹಲಗೆಗಳ ಹಳೆಯ ಊರೊಂದರ ಬೀದಿಗಳು ಕಣ್ಣಿಗೆ ಬೀಳುತ್ತವೆ. ಹೊಲವಿದ್ದ ಜಾಗದಲ್ಲಿ ಹೊಲದ ಹೆಸರು ಮಾತ್ರ ಉಳಿದಿದೆ.

ಆ ಹೆಸರಿನ ಹಿಂದಿನ ಕಥೆಯನ್ನು ಸಮ್ಮೇಳನದ ಪ್ರತಿನಿಧಿಗಳ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ. ಇದರಲ್ಲಿ ನನ್ನ ತಾಯಿಯ ಮಾತೂ ಸೇರಿಕೊಂಡಿದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ವಾಲ್ಟರ್ ನಾಟ್ ಮತ್ತು ಕಾರ್ಡಿಲಿಯಾ ನಾಟ್ ದಂಪತಿಗಳು ಮೊಹಾವೆ ಮರುಭೂಮಿಯಲ್ಲಿ ಬೇಸಾಯ ಮಾಡಲು ಹೋಗಿ ಕೈಸುಟ್ಟುಕೊಂಡು, 1920ರಲ್ಲಿ ಬ್ಯೂನಾ ಪಾರ್ಕಿಗೆ ಬಂದು, ಗುತ್ತಿಗೆಗೆ ಪಡೆದ ಇಪ್ಪತ್ತು ಎಕರೆಯಲ್ಲಿ ಬೆರಿ ಹಣ್ಣುಗಳನ್ನು ಬೆಳೆಯತೊಡಗಿದರು. ರಸ್ತೆಯ ಬದಿಯಲ್ಲಿ ಒಂದು ಅಂಗಡಿ ಹಾಕಿ ಹಣ್ಣು ಮಾರಿದರು. ಆ ಸುಮಾರಿಗೆ ರುಡಾಲ್ಫ್ ಬಾಯ್ಸನ್ ಎಂಬ ತೋಟಗಾರಿಕೆಯ ಪ್ರಯೋಗಶೀಲನೊಬ್ಬ ಬ್ಲ್ಯಾಕ್‌ಬೆರಿ, ರಾಸ್‌ಬೆರಿ, ಲೋಗನ್‌ಬೆರಿ ಮೊದಲಾದವುಗಳ ಸಂಕರದಿಂದ ಹೊಸ ಹಣ್ಣೊಂದನ್ನು ಪಡೆದು, ಫಲ ಸರಿಯಾಗಿ ದಕ್ಕದೆ ಕೈಬಿಟ್ಟಿದ್ದ. ಸರ್ಕಾರದ ಕೃಷಿ ಇಲಾಖೆಯ ಜಾರ್ಜ್ ಡ್ಯಾರೋ ಎಂಬ ವಿಜ್ಞಾನಿ ಆ ಹಣ್ಣಿನ ಸುದ್ದಿ ಕೇಳಿ ಹುಡುಕಿಕೊಂಡು ಬಂದರು. ಡ್ಯಾರೋ ಮತ್ತು ನಾಟ್ ಇಬ್ಬರೂ ಬಾಯ್ಸನ್ನನ ಹಳೆಯ ಜಮೀನಿಗೆ ಹೋದಾಗ, ಕಳೆಯ ನಡುವೆ ಇನ್ನೇನು ಸಾಯಲಿರುವ ಕೆಲವೇ ಬಳ್ಳಿಗಳು ಸಿಕ್ಕವು. ನಾಟ್ ಅವನ್ನು ಕಿತ್ತು ತಂದು ತನ್ನ ಹೊಲದಲ್ಲಿ ನೆಟ್ಟು ಆರೈಕೆ ಮಾಡಿ ಉಳಿಸಿಕೊಂಡ. 1932ರಲ್ಲಿ ಆ ಹಣ್ಣು ಮಾರಾಟಕ್ಕೆ ಬಂದಿತು. ಬದುಕಿಸಿದವನು ತಾನಾದರೂ ಹುಟ್ಟಿಸಿದವನ ಹೆಸರನ್ನೇ ಇಟ್ಟು ಅದನ್ನು ‘ಬಾಯ್ಸನ್‌ಬೆರಿ’ ಎಂದು ಕರೆದ. ಈ ಒಂದು ಸೌಜನ್ಯಕ್ಕಾಗಿ ನನಗೆ ಆ ಮನುಷ್ಯನ ಮೇಲೆ ಗೌರವ.

ಹಣ್ಣು ನೋಡಲು ಕಪ್ಪಿಗೆ ತಿರುಗಿದ ಕೆಂಪು ಬಣ್ಣ. ಹುಳಿಯೂ ಸಿಹಿಯೂ ಸಮನಾಗಿ ಬೆರೆತ ರುಚಿ. ಮುಟ್ಟಿದರೆ ರಸ ಸೋರಿ ಬೆರಳಿಗೆ ಅಂಟುವಷ್ಟು ಮೆದು. ಕೊಯ್ದ ಮೇಲೆ ಹೆಚ್ಚು ದಿನ ನಿಲ್ಲದ ಈ ಹಣ್ಣನ್ನು ದೂರದ ಪೇಟೆಗೆ ಕಳುಹಿಸುವುದು ಕಷ್ಟ. ಹೀಗಾಗಿ ಉಳಿದ ಹಣ್ಣು ಕಾರ್ಡಿಲಿಯಾಳ ಅಡುಗೆಮನೆಗೆ ಬಂದು ಜಾಮ್ ಆಯಿತು, ಪೈ ಆಯಿತು. ಹಣ್ಣಿನ ವ್ಯಾಪಾರಕ್ಕಿಂತ ಜಾಡಿಯ ವ್ಯಾಪಾರವೇ ಗಟ್ಟಿ ಎಂಬುದು ಉಪ್ಪಿನಕಾಯಿ ಹಾಕಿ ಗೊತ್ತಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಗ ಅಮೆರಿಕೆಯಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. 1934ರ ಜೂನ್ ತಿಂಗಳ ಒಂದು ಸಂಜೆ ಕಾರ್ಡಿಲಿಯಾ ಎಂಟು ಮಂದಿ ಗಿರಾಕಿಗಳಿಗೆ ಕರಿದ ಕೋಳಿಯ ಊಟವನ್ನು ಬಡಿಸಿದಳು. ತಲೆಗೆ ಅರವತ್ತೈದು ಸೆಂಟು. ಬಡಿಸಿದ್ದು ತನ್ನ ಮದುವೆಯ ಪಿಂಗಾಣಿ ತಟ್ಟೆಗಳಲ್ಲಿ. ಊಟದ ಕೊನೆಗೆ ಹೊಲದ ಹಣ್ಣಿನ ಪೈ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಕೆಲವೇ ವರ್ಷಗಳಲ್ಲಿ ಭಾನುವಾರಗಳಂದು ಸಾವಿರಗಟ್ಟಲೆ ಜನ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲುವಂತಾಯಿತು. ಕಾಯುವವರಿಗೆ ಬೇಸರವಾಗಬಾರದೆಂದು ವಾಲ್ಟರ್ 1940ರಲ್ಲಿ ‘ಘೋಸ್ಟ್ ಟೌನ್’ ಎಂಬ ಹಾಳೂರನ್ನು ಕಟ್ಟಲಾರಂಭಿಸಿದ. ಪಶ್ಚಿಮದಲ್ಲಿ ಚಿನ್ನ ಬೆಳ್ಳಿಯ ಗಣಿಗಳು ಬತ್ತಿದ ಮೇಲೆ ಜನ ಬಿಟ್ಟುಹೋದ ಊರುಗಳ ಹಳೆಯ ಕಟ್ಟಡಗಳನ್ನು ತಂದು ಜೋಡಿಸಿದ, ಕೆಲವನ್ನು ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಿಸಿದ. ಆಮೇಲೆ ರೈಲು ಬಂತು, 1960ರಲ್ಲಿ ಗಣಿಯ ಸವಾರಿ ಬಂತು, 1969ರಲ್ಲಿ ನೀರಿನಲ್ಲಿ ಜಾರುವ ಮರದ ದಿಮ್ಮಿಯ ಸವಾರಿ ಬಂತು. ಬೇಲಿ ಹಾಕಿ ಪ್ರವೇಶಧನ ವಸೂಲು ಮಾಡಲು ತೊಡಗಿದ್ದು 1968ರಲ್ಲಿ ಮಾತ್ರ. ಲಕ್ಷಾಂತರ ಜನರನ್ನು ಸೆಳೆಯುವ ಈ ಉದ್ಯಾನವು ಮೂಲತಃ ಊಟಕ್ಕೆ ಕಾದು ಕುಳಿತವರ ಪಡಸಾಲೆ!

ಈಗ ಇಲ್ಲಿನ ಋತುಹಬ್ಬಗಳ ಮಾತು. ಜನವರಿ ಕೊನೆಯಿಂದ ಫೆಬ್ರವರಿಯವರೆಗೆ ಸ್ನೂಪಿ ಮತ್ತು ಅವನ ಬಳಗದ ಹಬ್ಬ. ಚಿಕ್ಕ ಮಕ್ಕಳಿದ್ದವರಿಗೆ ಇದು ಒಳ್ಳೆಯ ಕಾಲ, ಜನಸಂದಣಿಯೂ ಕಡಿಮೆ. ಬೇಸಗೆಯಲ್ಲಿ, 2016ರಿಂದ ಆರಂಭವಾದ ‘ಘೋಸ್ಟ್ ಟೌನ್ ಅಲೈವ್’. ಹಾಳೂರಿನ ಬೀದಿಗಳಲ್ಲಿ ನಟರು ಶರೀಫನಾಗಿ, ಅಂಚೆಯವನಾಗಿ, ದರೋಡೆಕೋರನಾಗಿ ಓಡಾಡುತ್ತಿರುತ್ತಾರೆ. ನೋಡಲು ಬಂದ ಮಕ್ಕಳ ಕೈಗೇ ಒಂದು ಪತ್ರ ಕೊಟ್ಟು ತಲುಪಿಸಿ ಬಾ ಎಂದು ಓಡಿಸುತ್ತಾರೆ. ರಂಗಸ್ಥಳವೂ ಇಲ್ಲದೆ, ಪರದೆಯೂ ಇಲ್ಲದೆ ದಿನವಿಡೀ ನಡೆಯುವ ಈ ಆಟದಲ್ಲಿ ನನ್ನ ತಮ್ಮನ ಮಗ ಎರಡು ಬಾರಿ ಸೆರೆಮನೆ ಸೇರಿ ಪರಮಾನಂದಪಟ್ಟಿದ್ದ. ಶರತ್ಕಾಲದ ‘ಸ್ಕೇರಿ ಫಾರ್ಮ್’ 1973ರಲ್ಲಿ ಆರಂಭವಾದದ್ದು. ಉದ್ಯಾನಗಳಲ್ಲಿ ನಡೆಯುವ ಹ್ಯಾಲೊವೀನ್ ರಾತ್ರಿಗಳಿಗೆಲ್ಲ ಇದೇ ಹಿರಿಯಕ್ಕ. ಇದಕ್ಕೆ ಬೇರೆಯೇ ಟಿಕೆಟ್ಟು, ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ಮಂಜಿನಂಥ ಹೊಗೆಯ ನಡುವಿನಿಂದ ಭೂತದ ವೇಷದವರು ಮೊಣಕಾಲಿನ ಮೇಲೆ ಕಿಡಿ ಹಾರಿಸುತ್ತ ಜಾರಿಕೊಂಡು ಬಂದು ಕಾಲಬುಡದಲ್ಲಿ ನಿಲ್ಲುತ್ತಾರೆ. ಸಾಗರದ ಕಡೆ ರಾತ್ರಿಯ ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶ ನೋಡುತ್ತ ಬೆಳೆದ ನಾನು ಹೆದರುವುದಿಲ್ಲವೆಂದು ಜಂಬದಿಂದ ಹೋಗಿ, ನಮ್ಮ ಯಜಮಾನರ ತೋಳು ಹಿಡಿದುಕೊಂಡೇ ಹೊರಬಂದೆ. ಎರಡನೆಯ ಬಾರಿ ಹೋಗಿಲ್ಲ. ನವೆಂಬರಿನಿಂದ ಹೊಸ ವರ್ಷದವರೆಗೆ ‘ಮೆರ್ರಿ ಫಾರ್ಮ್’: ದೀಪ, ಕರಕುಶಲ ವಸ್ತುಗಳ ಮಳಿಗೆ, ಕ್ಯಾಲಿಫೋರ್ನಿಯಾದ ಬೆಚ್ಚನೆಯ ಸಂಜೆಯಲ್ಲಿ ಉದುರುವ ಕೃತಕ ಹಿಮ.

ಆದರೆ ನಾನು ನೆಂಟರನ್ನು ಕರೆದೊಯ್ಯಲು ಹಂಬಲಿಸುವುದು ವಸಂತದ ಹಬ್ಬಕ್ಕೆ. ಮಾರ್ಚ್ ಏಪ್ರಿಲ್‌ನಲ್ಲಿ ಹಲವು ವಾರ ನಡೆಯುವ ಬಾಯ್ಸನ್‌ಬೆರಿ ಹಬ್ಬದಲ್ಲಿ ಆ ಒಂದು ಹಣ್ಣು ನುಗ್ಗದ ತಿನಿಸೇ ಇಲ್ಲ. ಪೈ, ಷರಬತ್ತು, ಐಸ್‌ಕ್ರೀಮ್ ಸಹಜವೇ ಸರಿ. ಪಿಜ್ಜಾದ ಮೇಲೆ, ಮಾಂಸದ ಉಂಡೆಯ ಸಾರಿನಲ್ಲಿ, ಬಿಯರಿನಲ್ಲಿ ಸಹ ಅದೇ ನೇರಳೆ ಬಣ್ಣ. ಹಲವು ತಿನಿಸುಗಳಿಗೆ ಸೇರಿ ಒಂದು ಕಾರ್ಡು ಕೊಳ್ಳಬಹುದು. ಮನೆಮಂದಿಯೆಲ್ಲ ಒಂದೇ ಕಾರ್ಡಿನಲ್ಲಿ ಹಂಚಿಕೊಂಡು ತಿನ್ನುವುದು ನಮ್ಮ ಕ್ರಮ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪೈ ತಿನ್ನುವ ಸ್ಪರ್ಧೆಯೂ ಉಂಟು. ಸಸ್ಯಾಹಾರಿಗಳು ಪ್ರತಿ ಮಳಿಗೆಯಲ್ಲೂ ಬಾಯಿಬಿಟ್ಟು ಕೇಳಬೇಕು, ಸಂಕೋಚ ಬೇಡ. ಇದನ್ನೆಲ್ಲ ನೋಡುವಾಗ ನನಗೆ ಬಸವನಗುಡಿಯ ಕಡಲೆಕಾಯಿ ಪರಿಷೆ ನೆನಪಾಗುತ್ತದೆ. ಬಿ.ಎ. ಓದುವಾಗ ಅಲ್ಲಿನ ಚಿಕ್ಕಮ್ಮನ ಮನೆಯಲ್ಲಿದ್ದೆ. ಕಾರ್ತಿಕ ಮಾಸದ ಕಡೆಯ ಸೋಮವಾರ ರಾಶಿ ರಾಶಿ ಕಡಲೆಕಾಯಿಯ ನಡುವೆ ನಡೆಯುತ್ತಿದ್ದೆವು. ಸುಂಕೇನಹಳ್ಳಿಯ ರೈತರು ಹೊಲ ಮೇಯುತ್ತಿದ್ದ ಬಸವನಿಗೆ ಹರಕೆ ಹೊತ್ತ ಕಥೆ ಎಲ್ಲರಿಗೂ ಗೊತ್ತು. ಆ ಹೊಲಗಳ ಮೇಲೆ ಬಡಾವಣೆ ಎದ್ದು ಎಷ್ಟು ಕಾಲವಾಯಿತೋ! ಕಡಲೆಕಾಯಿ ದೂರದೂರದಿಂದ ಲಾರಿಯಲ್ಲಿ ಬರುತ್ತದೆ. ಪರಿಷೆ ಮಾತ್ರ ತಪ್ಪಿಲ್ಲ.

2016ರ ವಸಂತದಲ್ಲಿ ನನ್ನ ತಾಯಿ ನಮ್ಮಲ್ಲಿಗೆ ಬಂದಿದ್ದರು. ಹಬ್ಬದಲ್ಲಿ ಸುತ್ತಾಡಿ ಕಾಲು ಸೋತ ಮೇಲೆ, ಉದ್ಯಾನದ ಹೊರಗಿರುವ ‘ಮಿಸೆಸ್ ನಾಟ್ಸ್’ ಊಟದ ಮನೆಗೆ ಹೋದೆವು. ಅದಕ್ಕೆ ಟಿಕೆಟ್ಟು ಬೇಕಿಲ್ಲ. ಕೋಳಿ ಮುಟ್ಟದ ನಾವು ಬಿಸಿ ಬಿಸ್ಕತ್ತು, ಜಾಮ್ ಮತ್ತು ಒಂದು ತುಂಡು ಪೈ ತರಿಸಿಕೊಂಡೆವು. (ಇಲ್ಲಿಯ ಬಿಸ್ಕತ್ತು ನಾವು ಚಹಾದಲ್ಲಿ ಅದ್ದುವಂಥದಲ್ಲ, ಉಪ್ಪಿನ ಬನ್ನಿನ ಜಾತಿಯದು.) ಅಮ್ಮ ಹಣ್ಣನ್ನು ರುಚಿ ನೋಡಿ, “ಹಿಪ್ಪುನೇರಳೆಯ ತಂಗಿ ಇರಬೇಕು” ಎಂದು ತೀರ್ಪು ಕೊಟ್ಟರು. ನಾನು ಹುಮ್ಮಸ್ಸಿನಿಂದ ಎಂಟು ತಟ್ಟೆಗಳ ಕಥೆ ಹೇಳಿದೆ. ಅತಿಥಿಗಳಿಗೆಂದು ಮದುವೆಯ ತಟ್ಟೆಗಳನ್ನೇ ತೆಗೆದಳಂತೆ, ಎಷ್ಟು ದೊಡ್ಡ ಮನಸ್ಸು ನೋಡು ಎಂದೆ.

ಅಮ್ಮ ನಕ್ಕರು. “ದೊಡ್ಡ ಮನಸ್ಸು ಎಂಥದು ಮಾರಾಯ್ತಿ! ಮದುವೆ ತಟ್ಟೆ ತೆಗೆದಳು ಅಂದ್ರೆ ಮನೇಲಿ ಬೇರೆ ತಟ್ಟೆ ಇರಲಿಲ್ಲ ಅಂತ ಅರ್ಥ. ನಮಗಾದ್ರೆ ಹಿತ್ತಲಲ್ಲಿ ಬಾಳೆ ಎಲೆ ಇತ್ತು. ಅವಳಿಗೆ ಅದೂ ಇಲ್ಲ, ಪಾಪ.”

“ನಮಗಾದರೆ ಎಂದರೆ?” ಎಂದು ಕೇಳಿದೆ.

ಆಗ ತಿಳಿಯಿತು. ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ಅಡಿಕೆಗೆ ಕೊಳೆರೋಗ ಬಡಿದು ಫಸಲೆಲ್ಲ ಮರದ ಬುಡದಲ್ಲಿ ಉದುರಿತ್ತು. ಅದು ನನಗೂ ನೆನಪಿದೆ. ಆ ವರ್ಷದಿಂದ ನಮ್ಮ ಮನೆಗೆ ಬ್ಯಾಂಕಿನ ಇಬ್ಬರು, ಹೈಸ್ಕೂಲಿನ ಮೂವರು ಮೇಷ್ಟ್ರು ದಿನವೂ ಊಟಕ್ಕೆ ಬರುತ್ತಿದ್ದರು. ನಾವು ಮಕ್ಕಳು ಅವರನ್ನು ‘ಮಾವ’ ಎಂದು ಕರೆಯುತ್ತಿದ್ದೆವು. ಅಪ್ಪನ ಸ್ನೇಹಿತರು, ಊರಿಗೆ ಹೊಸಬರು, ಅದಕ್ಕೆ ಬರುತ್ತಾರೆ ಎಂದೇ ನಾನು ಅಷ್ಟು ವರ್ಷ ನಂಬಿದ್ದೆ.

“ಅವರು ದುಡ್ಡು ಕೊಡ್ತಿದ್ರಾ ಅಮ್ಮ?”

“ಮತ್ತೆ? ತಿಂಗಳಿಗೆ ಇಷ್ಟು ಅಂತ. ನಿನ್ನ ಚಿಕ್ಕಮ್ಮನ ಮನೆಗೆ ಅಕ್ಕಿ ಕಳಿಸಿದ್ದು, ನಿನ್ನ ಕಾಲೇಜಿನ ಫೀಸು, ಎಲ್ಲ ಅದರಲ್ಲೇ. ಅಪ್ಪನಿಗೆ ನಾಚಿಕೆ. ಯಾರಿಗೂ ಹೇಳಬೇಡ ಅಂದಿದ್ದರು.”

ಸಾಹಿತ್ಯ, ಇತಿಹಾಸಗಳನ್ನು ಓದಿ ಪದವಿ ಪಡೆದವಳು ನಾನು. ನನ್ನ ಪದವಿಯ ಹಿಂದಿನ ಒಲೆ ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಪರದೇಶದ ಒಂದು ಹೋಟೆಲಿನಲ್ಲಿ. ನಾನು ಸುಮ್ಮನೆ ಕುಳಿತದ್ದನ್ನು ಕಂಡು ಅಮ್ಮ, “ಪೈ ತಣ್ಣಗಾಗ್ತದೆ, ತಿನ್ನು” ಎಂದರು. ಗೋಡೆಯ ಮೇಲೆ ಕಾರ್ಡಿಲಿಯಾಳ ಕಥೆ ಹೇಳುವ ಚಿತ್ರಗಳಿದ್ದವು. ಆಕೆಯ ಗಂಡನಿಗೆ ನಾಚಿಕೆಯಾಗಿರಲಿಲ್ಲ ಎಂದು ಕಾಣುತ್ತದೆ. ಹೆಂಡತಿಯ ಅಡುಗೆಯ ಸುತ್ತ ಊರನ್ನೇ ಕಟ್ಟಿದ. ಕನ್ನಡಕೂಟಗಳ ಯುಗಾದಿ, ದೀಪಾವಳಿಗಳಲ್ಲಿ ಹಿಂದಿನ ರಾತ್ರಿಯೆಲ್ಲ ನಿಂತು ಇನ್ನೂರು ಜನರಿಗೆ ಬಿಸಿಬೇಳೆಭಾತು ಮಾಡುವ ಗೆಳತಿಯರಿಗೆ ಸ್ಮರಣ ಸಂಚಿಕೆಗಳಲ್ಲಿ ಸಿಗುವುದು ‘ಅಡುಗೆ ಸಮಿತಿಗೆ ವಂದನೆಗಳು’ ಎಂಬ ಒಂದೇ ಸಾಲು. ಸಂಪಾದಕರು ಈ ವಾಕ್ಯವನ್ನು ತೆಗೆಯಲಾರರೆಂದು ನಂಬಿದ್ದೇನೆ.

ಕಾರ್ಡಿಲಿಯಾ 1974ರಲ್ಲಿ, ವಾಲ್ಟರ್ 1981ರಲ್ಲಿ ತೀರಿಕೊಂಡರು. ಮಕ್ಕಳು 1995ರಲ್ಲಿ ಜಾಮಿನ ವ್ಯಾಪಾರವನ್ನು ಕಾನ್ಆಗ್ರಾ ಎಂಬ ಕಂಪನಿಗೂ, 1997ರಲ್ಲಿ ಉದ್ಯಾನವನ್ನು ಸೀಡರ್ ಫೇರ್ ಎಂಬ ಸಂಸ್ಥೆಗೂ ಮಾರಿದರು. 2024ರ ಜುಲೈಯಲ್ಲಿ ಸೀಡರ್ ಫೇರ್ ಸಂಸ್ಥೆಯು ಸಿಕ್ಸ್ ಫ್ಲ್ಯಾಗ್ಸ್ ಜೊತೆ ವಿಲೀನವಾಯಿತು. ವಿಲೀನವಾದರೂ ಉದ್ಯಾನಕ್ಕೆ ನಾಟ್ಸ್ ಹೆಸರನ್ನೇ ಉಳಿಸಿಕೊಂಡರು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ಇಲ್ಲಿನ ಸವಾರಿಗಳೆಲ್ಲ ನಿಂತುಹೋದಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಆ ಬೇಸಗೆಯಲ್ಲಿ ಇವರು ಸವಾರಿಗಳನ್ನು ಮುಚ್ಚಿಟ್ಟು, ಹಾಳೂರಿನ ಬೀದಿಗಳಲ್ಲಿ ಊಟದ ಹಬ್ಬವನ್ನಷ್ಟೇ ತೆರೆದರು. ಮುಸುಕು ಧರಿಸಿ, ದೂರ ದೂರ ನಿಂತು, ಜನ ಬಂದರು. ಋತುವಿನಿಂದ ಋತುವಿಗೆ ಹೆಸರು ಬದಲಾಯಿಸಿಕೊಂಡು ತಿನಿಸಿನ ಹಬ್ಬಗಳು ನಡೆದವು. 2021ರ ವಸಂತದಲ್ಲಿ ಬಾಯ್ಸನ್‌ಬೆರಿಯ ಸರದಿಯೂ ಬಂತು. ರೋಲರ್ ಕೋಸ್ಟರುಗಳು ಮತ್ತೆ ಓಡಿದ್ದು ಆ ವರ್ಷದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅದು ಮತ್ತೆ ಊಟದ ಮನೆಯಾಗಿತ್ತು.

ಜಾಮಿನ ಗತಿ ಬೇರೆ. ನಾಟ್ಸ್ ಹೆಸರಿನ ಜಾಮ್ 2008ರಲ್ಲಿ ಸ್ಮಕರ್ ಕಂಪನಿಯ ಪಾಲಾಯಿತು. ಆ ಕಂಪನಿಯು ನಾಟ್ಸ್ ಜಾಡಿಗಳ ತಯಾರಿಕೆಯನ್ನು ನಿಲ್ಲಿಸಿದೆ ಎಂಬ ಸುದ್ದಿ 2024ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಂದಿತು. ಉದ್ಯಾನದ ಅಂಗಡಿಯಲ್ಲಿ ಮಾರುವ ಜಾಮಿಗೆ ‘ಬೆರಿ ಮಾರ್ಕೆಟ್’ ಎಂಬ ಬೇರೆ ಚೀಟಿ. ಹೆಸರು ಮಾರಿದ ಮೇಲೆ ತಮ್ಮ ಹಣ್ಣಿನ ಮೇಲೆ ತಮ್ಮ ಹೆಸರನ್ನೇ ಅಂಟಿಸಲಾಗದ ಪರಿಸ್ಥಿತಿ. ಸುದ್ದಿ ಓದಿದ ದಿನ ನಮ್ಮ ಬಡಾವಣೆಯ ಅಂಗಡಿಗಳನ್ನೆಲ್ಲ ಹುಡುಕಿದೆ. ಒಂದು ಜಾಡಿಯೂ ಸಿಗಲಿಲ್ಲ.

ಕಳೆದ ಬಾರಿ ತವರಿಗೆ ಹೋದಾಗ ಒಗ್ಗರಣೆಗೆಂದು ಅಮ್ಮನ ಅಡುಗೆಮನೆಯ ಕಪಾಟು ತೆರೆದೆ. 2016ರಲ್ಲಿ ಅಮ್ಮ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಒಯ್ದಿದ್ದ ಎರಡು ಜಾಡಿಗಳಲ್ಲಿ ಒಂದು ಮುಂದಿನ ಸಾಲಿನಲ್ಲೇ ಇತ್ತು. ಜಾಮ್ ಯಾವಾಗಲೋ ಖಾಲಿಯಾಗಿ, ಅದರಲ್ಲಿ ಸಾಸಿವೆ ತುಂಬಿತ್ತು. ಚೀಟಿಯನ್ನು ಕಿತ್ತಿರಲಿಲ್ಲ. ಎಣ್ಣೆಯ ಕೈ ತಾಗಿ ಹಳದಿಯಾಗಿದ್ದರೂ ‘ನಾಟ್ಸ್ ಬೆರಿ ಫಾರ್ಮ್’ ಎಂಬ ಅಕ್ಷರಗಳನ್ನು ಸ್ಪಷ್ಟವಾಗಿ ಓದಬಹುದಾಗಿತ್ತು. ಇನ್ನೊಂದು ಜಾಡಿ ಎಲ್ಲಿ ಎಂದು ಕೇಳಿದೆ. ಪಕ್ಕದ ಮನೆಗೆ ಉಪ್ಪಿನಕಾಯಿ ಹಾಕಿ ಕೊಟ್ಟದ್ದು ಇನ್ನೂ ವಾಪಸು ಬಂದಿಲ್ಲ ಎಂದರು.