ತಕ್ಕಡಿಯಲ್ಲಿ ಜೀವ

ದೇಹ ಬೇರೆ, ಜೀವ ಬೇರೆ ಎಂಬ ಮಾತನ್ನು ಹರಿಕಥೆ, ಪುರಾಣಶ್ರವಣಗಳಲ್ಲಿ ನಾವು ಎಷ್ಟು ಸಲ ಕೇಳಿಲ್ಲ! ಆದರೆ ‘ಹಾಗಾದರೆ ತೋರಿಸಿ’ ಎಂದು ಪಟ್ಟು ಹಿಡಿದ ಅರಸನೊಬ್ಬನ ಕಥೆಯೂ ನಮ್ಮ ಪ್ರಾಚೀನ ಸಾಹಿತ್ಯದಲ್ಲಿಯೇ ಉಂಟು. ಬೌದ್ಧರ ದೀಘನಿಕಾಯದಲ್ಲಿ ಅವನ ಹೆಸರು ಪಾಯಾಸಿ. ಜೈನರ ರಾಯಪಸೇಣಿಯ ಸೂತ್ರದಲ್ಲಿ ಪಏಸಿ. ಅಲ್ಲಿ ಅವನಿಗೆ ಉತ್ತರ ಹೇಳುವವನು ಕುಮಾರಕಸ್ಸಪನೆಂಬ ಭಿಕ್ಷು. ಇಲ್ಲಿ ಪಾರ್ಶ್ವನಾಥನ ಪರಂಪರೆಯ ಕೇಶಿ ಮುನಿ.

ಪಾಪಿಗಳಾದ ಬಂಧುಗಳು ಮರಣಶಯ್ಯೆಯಲ್ಲಿದ್ದಾಗ ಪಾಯಾಸಿ ಅವರಿಂದ ಮಾತು ಪಡೆದಿದ್ದನು: ನರಕವಿರುವುದು ನಿಜವಾದರೆ ಬಂದು ತಿಳಿಸಬೇಕು. ಒಬ್ಬರೂ ಬರಲಿಲ್ಲ. ವಧಕರ ಕೈಗೆ ಸಿಕ್ಕ ಕಳ್ಳನು ‘ಮನೆಯವರಿಗೆ ಹೇಳಿ ಬರುತ್ತೇನೆ’ ಎಂದರೆ ಅವರು ಬಿಟ್ಟಾರೆಯೇ ಎಂದು ಭಿಕ್ಷು ಕೇಳುತ್ತಾನೆ. ಜಾಣತನದ ಉತ್ತರ, ಅರಸನಿಗೆ ಸಾಲದು. ಕಳ್ಳನೊಬ್ಬನನ್ನು ಜೀವಂತವಾಗಿ ಹಂಡೆಯಲ್ಲಿಟ್ಟು, ಬಾಯಿ ಮುಚ್ಚಿ, ಅವನು ಸತ್ತ ಮೇಲೆ ಜೀವ ಹೊರಬೀಳುವುದೋ ಎಂದು ಕಾದು ನೋಡಿದವನು ಅವನು. ಇನ್ನೊಬ್ಬನನ್ನು ಕೊಲ್ಲುವ ಮುನ್ನ ತೂಗಿಸಿದನು, ಕೊಂದ ಮೇಲೆಯೂ ತೂಗಿಸಿದನು. ಬೌದ್ಧರ ಕಥೆಯಲ್ಲಿ ಹೆಣವೇ ಹೆಚ್ಚು ಭಾರ. ಜೈನರದರಲ್ಲಿ ಎರಡೂ ಸಮ. ಕಾದ ಕಬ್ಬಿಣದ ಗುಂಡು ಹಗುರ, ಆರಿದರೆ ಭಾರ ಎಂದು ಭಿಕ್ಷು ಸಮಾಧಾನ ಹೇಳುತ್ತಾನೆ. ಇದನ್ನು ಇಂದಿನ ಶಾಲಾಬಾಲಕನೂ ಒಪ್ಪನು. ಗಾಳಿ ತುಂಬಿದ ಚರ್ಮದ ಚೀಲಕ್ಕೂ ಬರಿಯ ಚೀಲಕ್ಕೂ ತೂಕದಲ್ಲಿ ಭೇದ ಕಂಡೀತೆ ಎಂಬ ಕೇಶಿಯ ಪ್ರಶ್ನೆ ನನಗೆ ಹೆಚ್ಚು ಸೊಗಸಾಗಿ ಕಾಣುತ್ತದೆ.

ಈ ತಕ್ಕಡಿಯನ್ನು ಮತ್ತೆ ಎತ್ತಿದವನು ಅಮೆರಿಕದ ಹೇವರ್‌ಹಿಲ್ ಪಟ್ಟಣದ ವೈದ್ಯ ಡಂಕನ್ ಮ್ಯಾಕ್‌ಡೂಗಲ್. ಸಾಯುತ್ತಿದ್ದ ಆರು ಜನ ರೋಗಿಗಳನ್ನು ಮಂಚಸಹಿತ ತೂಗಿ, ಫಲವನ್ನು 1907ರಲ್ಲಿ ಪ್ರಕಟಿಸಿದನು. ಮೊದಲನೆಯವನ ತೂಕ ಪ್ರಾಣ ಹೋದ ಕ್ಷಣದಲ್ಲಿ ಮುಕ್ಕಾಲು ಔನ್ಸು ಇಳಿಯಿತಂತೆ. ಜಗತ್ತೆಲ್ಲ ಹೇಳುವ ‘21 ಗ್ರಾಂ’ ಇದೇ. ಉಳಿದವರ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ. ಎರಡನ್ನು ಅವನೇ ಕೈಬಿಟ್ಟನು. 15 ನಾಯಿಗಳನ್ನು ತೂಗಿದಾಗ ಏನೂ ಇಳಿಯಲಿಲ್ಲವೆಂದು, ಅವಕ್ಕೆ ಆತ್ಮವಿಲ್ಲದಿರುವುದಕ್ಕೆ ಇದು ಹೊಂದುತ್ತದೆಂದು ಬಗೆದನು! ಕೇಶಿ ಮುನಿ ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದನೇನೋ. ಜೈನರಿಗೆ ಇರುವೆಯೂ ಜೀವವೇ.

ನನ್ನನ್ನು ಕಾಡುವುದು ತೂಕವಲ್ಲ, ಆ ಕಳ್ಳ. ಎರಡು ಮತಗಳ ಗ್ರಂಥಗಳಲ್ಲಿಯೂ ಅವನಿಗೆ ಹೆಸರಿಲ್ಲ. ಜೀವ ಹೊರಹೋಗುವ ರಂಧ್ರವನ್ನು ಹುಡುಕುವವರಿಗೆ ಹಂಡೆಯೊಳಗಿನವನ ಉಸಿರು ಕೇಳಿಸಲಿಲ್ಲ. ಮುನಿಗಳಾದರೂ ಉಪಮೆಗೆ ಉಪಮೆ ಕೊಡುತ್ತ ಹೋಗುತ್ತಾರೆಯೇ ಹೊರತು, ‘ರಾಜ, ಆ ಮನುಷ್ಯನನ್ನು ಏಕೆ ಕೊಂದೆ?’ ಎಂದು ಅಲ್ಲಿಯೇ ತಡೆದು ಕೇಳುವುದಿಲ್ಲ. ಅರಣಿಯನ್ನು ಚೂರುಚೂರಾಗಿ ಸೀಳಿ ಬೆಂಕಿ ಕಾಣದೆ ನಿಂತ ಮೂಢನ ದೃಷ್ಟಾಂತವನ್ನು ಮಾತ್ರ ಇಬ್ಬರೂ ಕೊಡುತ್ತಾರೆ. ಕೊರಡನ್ನು ಸೀಳಿದರೆ ಅದು ಕೂಗುವುದಿಲ್ಲವಷ್ಟೆ.

ಬೌದ್ಧರ ಕಥೆ ಮುಗಿಯುವ ಬಗೆ ವಿಚಿತ್ರವಾಗಿದೆ. ಪಾಯಾಸಿ ಮನಸ್ಸು ತಿರುಗಿ ದಾನಕ್ಕೆ ತೊಡಗುತ್ತಾನೆ. ಕೊಡುವುದು ಮಾತ್ರ ನುಚ್ಚಿನ ಗಂಜಿ, ಒರಟು ಬಟ್ಟೆ. ಸತ್ತ ಮೇಲೆ ಅವನಿಗೆ ದೊರೆತದ್ದು ಸೇರಿಸಕವೆಂಬ ಬರಿದಾದ ವಿಮಾನ. ಅಲ್ಲಿಗೆ ವಿಶ್ರಮಿಸಲು ಬಂದ ಗವಂಪತಿ ಎಂಬ ಭಿಕ್ಷುವಿನ ಕೈಯಲ್ಲಿ, ಆದರದಿಂದ ದಾನ ಮಾಡಿರೆಂದು ಭೂಲೋಕಕ್ಕೆ ಅವನು ಹೇಳಿಕಳುಹಿಸುತ್ತಾನೆ. ಬಂಧುಗಳು ತಾರದ ಸುದ್ದಿಯನ್ನು ಕಡೆಗೆ ಕಳುಹಿಸಿದವನು ಅವನೇ.