ಟ್ಯೂಬ್‌ಲೈಟ್ ತಡವಾಗಿ ಹತ್ತುವುದೇಕೆ?

ಜೋಕು ತಡವಾಗಿ ಅರ್ಥವಾದರೆ ಗೆಳೆಯರು ನಿಮ್ಮನ್ನು ‘ಟ್ಯೂಬ್‌ಲೈಟ್’ ಎಂದು ರೇಗಿಸುತ್ತಾರಲ್ಲವೇ? ಆ ಹೆಸರು ಯಾಕೆ ಬಂತೆಂದು ಅಜ್ಜ ಅಜ್ಜಿಯನ್ನು ಕೇಳಿ. ಅವರು ಕಂಡ ಟ್ಯೂಬ್‌ಲೈಟ್ ಸ್ವಿಚ್ ಹಾಕಿದ ಕೂಡಲೇ ಹತ್ತುತ್ತಿರಲಿಲ್ಲ. ಎರಡು ಮೂರು ಸಲ ಮಿಣಿಕ್ ಮಿಣಿಕ್ ಎಂದು ಕಣ್ಣು ಮಿಟುಕಿಸಿ, ಆಮೇಲೆ ಝಗ್ಗನೆ ಬೆಳಗುತ್ತಿತ್ತು. ಜೊತೆಗೆ ‘ಗುಂಯ್’ ಎಂಬ ಸದ್ದು. ಆ ಸದ್ದು ಮಾಡುತ್ತಿದ್ದುದು ಫಿಟ್ಟಿಂಗ್ ಒಳಗೆ ಕೂತ ಭಾರವಾದ ಚೋಕ್.

ಚೋಕ್ ಎಂದರೆ ತೆಳುವಾದ ಕಬ್ಬಿಣದ ತಗಡುಗಳ ಕಟ್ಟಿಗೆ ಸುತ್ತಿದ ತಂತಿಯ ಸುರುಳಿ. ಅದಕ್ಕೆ ಎರಡು ಕೆಲಸ. ಮೊದಲು ತಳ್ಳುವುದು, ಆಮೇಲೆ ತಡೆಯುವುದು.

ಟ್ಯೂಬಿನಲ್ಲಿ ಈ ತುದಿಯಿಂದ ಆ ತುದಿಗೆ ತಂತಿ ಇಲ್ಲ. ಇರುವುದು ಆರ್ಗಾನ್‌ನಂಥ ಅನಿಲ ಮತ್ತು ಚೂರೇ ಚೂರು ಪಾದರಸ. ತಣ್ಣಗಿರುವ ಟ್ಯೂಬನ್ನು ಹತ್ತಿಸಲು ಮನೆಯ 230 ವೋಲ್ಟ್ ಸಾಲದು. ಆಗ ಸ್ಟಾರ್ಟರ್ ನೆರವಿಗೆ ಬರುತ್ತದೆ. ಅದರೊಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ, ಎದುರಿನ ಕಡ್ಡಿಯನ್ನು ಮುಟ್ಟುತ್ತದೆ. ಕರೆಂಟು ಹರಿದು ಟ್ಯೂಬಿನ ಎರಡೂ ತುದಿಗಳ ಫಿಲಮೆಂಟ್ ಕಾಯುತ್ತದೆ. ಪಟ್ಟಿ ತಣ್ಣಗಾಗಿ ಹಿಂದೆ ಸರಿದಾಗ ಆ ದಾರಿ ಥಟ್ಟನೆ ಕಡಿಯುತ್ತದೆ. ಆ ಕ್ಷಣ ಚೋಕ್ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನು ಹೆಚ್ಚಿನ ವೋಲ್ಟಿನ ಒಂದು ಹೊಡೆತವಾಗಿ ಟ್ಯೂಬಿಗೆ ಕೊಡುತ್ತದೆ. ಟ್ಯೂಬ್ ಹತ್ತುತ್ತದೆ! ಗುರಿ ತಪ್ಪಿದರೆ ಮತ್ತೆ ಪ್ರಯತ್ನ. ಅದೇ ಮಿಣಿಕ್ ಮಿಣಿಕ್.

ಒಳಗೆ ಹುಟ್ಟುವುದು ಹೆಚ್ಚಾಗಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ನಾವು ಕಾಣುವ ಬೆಳಕಾಗಿ ಬದಲಿಸುತ್ತದೆ.

ಈಗ ಎರಡನೆಯ ಕೆಲಸ. ಅನಿಲದಲ್ಲಿ ಕರೆಂಟು ಹರಿದಷ್ಟೂ ದಾರಿ ಸಲೀಸಾಗುತ್ತದೆ, ಇನ್ನೂ ಹೆಚ್ಚು ನುಗ್ಗುತ್ತದೆ. ಏರಿ ಒಡೆದ ಕೆರೆಯ ಹಾಗೆ! ತಡೆಯುವವರಿಲ್ಲದಿದ್ದರೆ ಟ್ಯೂಬ್ ಕೆಟ್ಟೇ ಹೋಗುತ್ತದೆ. ಕೆರೆಯ ತೂಬು ಹದವಾಗಿ ನೀರು ಬಿಡುವಂತೆ, ಚೋಕ್ ಬೇಕಾದಷ್ಟೇ ಕರೆಂಟು ಬಿಡುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುವುದರಿಂದ ಚೋಕಿನ ತಗಡುಗಳು ಸೆಕೆಂಡಿಗೆ 100 ಸಲ ನಡುಗುತ್ತವೆ. ಅದೇ ‘ಗುಂಯ್’ ಸದ್ದು.

ಆಮೇಲೆ ಹಗುರವಾದ ಎಲೆಕ್ಟ್ರಾನಿಕ್ ಚೋಕ್ ಬಂತು. ಇದು ಕರೆಂಟನ್ನು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಓಡಿಸುತ್ತದೆ. ಸ್ಟಾರ್ಟರ್ ಬೇಡ, ಗುಂಯ್‌ಗುಟ್ಟುವ ಸದ್ದೂ ಇಲ್ಲ. ಈಗಂತೂ ಎಲ್‌ಇಡಿ ಕಾಲ.

ನಿಮ್ಮ ಮನೆಯಲ್ಲಿ ಹಳೆಯ ಟ್ಯೂಬ್ ಇದ್ದರೆ ಇದು ನೆನಪಿರಲಿ. ತುದಿ ಕಪ್ಪಾಗಿ, ಹತ್ತದೆ ಮಿಣುಕುತ್ತಲೇ ಇದ್ದರೆ ಸ್ವಿಚ್ ಆರಿಸಿ. ಹಾಗೇ ಬಿಟ್ಟರೆ ಚೋಕ್ ವಿಪರೀತ ಕಾಯುತ್ತದೆ. ಬದಲಿಸುವ ಕೆಲಸ ದೊಡ್ಡವರದು. ಸುಟ್ಟುಹೋದ ಟ್ಯೂಬನ್ನು ಆಟಕ್ಕೂ ಒಡೆಯಬೇಡಿ. ಒಳಗಿನ ಪಾದರಸ ವಿಷ. ಅಕಸ್ಮಾತ್ ಒಡೆದರೆ ಫ್ಯಾನ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಸ್ವಲ್ಪ ಹೊತ್ತು ಕೋಣೆಯಿಂದ ಹೊರಗಿರಿ. ಆಮೇಲೆ ದೊಡ್ಡವರು ಪೊರಕೆ ಹಿಡಿಯದೆ, ಕೈಗವಸು ಹಾಕಿ, ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಲಿ.

ಇನ್ನು ಯಾರಾದರೂ ನಿಮ್ಮನ್ನು ‘ಟ್ಯೂಬ್‌ಲೈಟ್’ ಎಂದರೆ ಹೀಗೆ ಹೇಳಿ: “ಅದು ದಡ್ಡತನದಿಂದ ತಡ ಮಾಡುವುದಿಲ್ಲ. ಹತ್ತುವ ಮೊದಲು ಸಿದ್ಧವಾಗುತ್ತದೆ, ಅಷ್ಟೇ!”