ಚೀಲದ ಹಿಡಿ ನೆಲೆಗೊಳ್ಳುವ ಬಗೆ

ಕಡೂರು, ತರೀಕೆರೆ, ಅಜ್ಜಂಪುರಗಳು ಚಿಕ್ಕಮಗಳೂರು ಜಿಲ್ಲೆಗೆ ಸೇರಿದವುಗಳಾದರೂ, ಆ ಜಿಲ್ಲೆಯ ಹೆಸರು ಕೇಳಿದೊಡನೆ ಮನಸ್ಸಿಗೆ ಬರುವ ಕಾಫಿ ತೋಟಗಳ ನೆರಳಿಗಿಂತ ಭಿನ್ನವಾದ ಭೂಮಿಕೆ ಅವುಗಳದು. ಕಡೂರಿನದು ತೆಂಗು ಬೆಳೆಯುವ ಬಯಲು. ತರೀಕೆರೆಯದು ಮಲೆನಾಡಿನ ಸೆರಗಿನಲ್ಲಿ ಹಬ್ಬಿದ ಅಡಕೆಯ ಸೀಮೆ. ಅಜ್ಜಂಪುರದ್ದು ಈರುಳ್ಳಿಗೆ ಹೆಸರಾದ ಎರೆಮಣ್ಣಿನ ನೆಲ. ಈ ಮೂರು ಊರುಗಳನ್ನೂ ಹೊರಜಗತ್ತಿಗೆ ಹೆಣೆದಿರುವುದು ರೈಲುಹಾದಿ. ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಸಾಗುವ ಮುಖ್ಯ ಮಾರ್ಗವು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾಯ್ದು ಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗಕ್ಕೆ ಹೋಗುವ ಹಾದಿಯ ಮೇಲೆ ತರೀಕೆರೆಯಿದೆ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಓಡತೊಡಗಿತು. ಹೊನ್ನಾವರದಿಂದ ತುಮಕೂರಿನತ್ತ ಸಾಗುವ, ಬಹುಕಾಲ 206 ಎಂಬ ಸಂಖ್ಯೆಯಿಂದ ಪರಿಚಿತವಾಗಿದ್ದ ಹೆದ್ದಾರಿಯೂ ತರೀಕೆರೆ, ಕಡೂರುಗಳ ನಡುವಿನಿಂದಲೇ ಹಾಯುತ್ತದೆ. ಆದಕಾರಣ ಇಲ್ಲಿನ ಸಂಸಾರಗಳಲ್ಲಿ ಪ್ರಯಾಣವೆಂಬುದು ವಿಶೇಷವಲ್ಲ, ನಿತ್ಯಕರ್ಮ. ಬೆಂಗಳೂರಿನಲ್ಲಿ ಓದುವ ಮಗನಿಗೆ, ಶಿವಮೊಗ್ಗದಲ್ಲಿ ಬಾಣಂತನಕ್ಕೆ ಸಿದ್ಧಳಾಗಿರುವ ಮಗಳಿಗೆ, ತೋಟದ ಕಾಯಿ, ಮನೆಯ ತುಪ್ಪ, ಹುರಿಹಿಟ್ಟು, ಉಪ್ಪಿನಕಾಯಿಯ ಜಾಡಿಗಳನ್ನು ಹೊತ್ತ ಚೀಲಗಳು ವರ್ಷದ ಉದ್ದಕ್ಕೂ ಈ ಹಾದಿಗಳಲ್ಲಿ ಸಂಚರಿಸುತ್ತಲೇ ಇರುತ್ತವೆ. ಸುಲಿದ ತೆಂಗಿನಕಾಯಿ ಇಪ್ಪತ್ತನ್ನು ತುಂಬಿದರೆ ಚೀಲದ ತೂಕ ಹತ್ತು ಕಿಲೋ ಮೀರುವುದು ಸಹಜ. ಬಟ್ಟೆಬರೆ ಅದರ ಮೇಲೆ ಕೂಡುತ್ತದೆ. ಬಟ್ಟೆಯ ಪ್ರಯಾಣಕ್ಕೆಂದು ಕಲ್ಪಿಸಿದ ಚೀಲ ತೋಟವನ್ನೇ ಹೊರಬೇಕಾಗಿ ಬಂದಾಗ, ಮೊದಲು ಸೋಲುವುದು ಅದರ ಹಿಡಿ.

ಇಂಥ ಸೋತ ಹಿಡಿಗಳನ್ನು ಮತ್ತೆ ನಿಲ್ಲಿಸುವ ಕುಶಲಕರ್ಮಿಗಳು ಈ ಊರುಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಸಂತೆಬೀದಿಯ ಬದಿಯಲ್ಲಿ, ಒಂದು ಕೊಡೆಯ ಇಲ್ಲವೆ ಟಾರ್ಪಾಲಿನ ನೆರಳಿನಲ್ಲಿ ಕುಳಿತಿರುತ್ತಾರೆ. ತೊಗಲು ಕೊಯ್ಯುವ ರಂಪಿಗೆ, ದಪ್ಪನೆಯ ದಬ್ಬಳ, ಮೇಣ ಉಜ್ಜಿದ ದಾರದ ಉಂಡೆ, ಸುತ್ತಿಗೆ, ಒಂದು ಕಬ್ಬಿಣದ ಅಡಿಗಲ್ಲು, ಡಬ್ಬಿಯೊಂದರಲ್ಲಿ ರಿವಿಟ್ಟುಗಳು, ಹಳೆಯ ಚೀಲಗಳಿಂದ ಬಿಚ್ಚಿಟ್ಟ ಉಂಗುರ ಬಕಲುಗಳು, ಕ್ಯಾನ್ವಾಸಿನ ಮತ್ತು ರೆಕ್ಸಿನ್ನಿನ ತುಂಡುಗಳು: ಅವರ ಕಾರ್ಖಾನೆಯೆಂದರೆ ಇಷ್ಟೆ. ಚಪ್ಪಲಿಗೆ ಉಂಗುಷ್ಠ ಹಾಕುವವರೂ ಅವರೇ, ಶಾಲೆಯ ಮಕ್ಕಳ ಬ್ಯಾಗಿನ ಜಿಪ್ಪಿಗೆ ರನ್ನರ್ ಕೂರಿಸುವವರೂ ಅವರೇ. ಆದರೆ ಅವರ ವಿದ್ಯೆಯ ಆಳ ತಿಳಿಯಬೇಕಾದರೆ ಕಿತ್ತುಹೋದ ಹಿಡಿಯೊಂದನ್ನು ಅವರ ಕೈಗೆ ಕೊಟ್ಟು ಸುಮ್ಮನೆ ನೋಡುತ್ತ ನಿಲ್ಲಬೇಕು. ಅವರು ಹಿಡಿಯನ್ನು ನೋಡುವುದಿಲ್ಲ. ಅದು ಕೂತಿದ್ದ ಜಾಗವನ್ನು ನೋಡುತ್ತಾರೆ, ಬೆರಳಿನಿಂದ ಒಳಮೈಯನ್ನು ತಡವುತ್ತಾರೆ. "ಹಿಡಿ ಗಟ್ಟಿಗೈತೆ ಸ್ವಾಮಿ, ಅದು ಕೂತಿರೋ ಜಾಗ ಸತ್ತೋಗೈತೆ" ಎಂಬ ಬಗೆಯ ಮಾತು ಆ ಸ್ಥಳಗಳಲ್ಲಿ ಕೇಳಿಬರುತ್ತದೆ. ಚೀಲಗಳನ್ನು ನಿರ್ಮಿಸುವ ದೊಡ್ಡ ದೊಡ್ಡ ಕಾರ್ಖಾನೆಗಳ ವಿನ್ಯಾಸಕಾರರು ಗಮನವಿಟ್ಟು ಆಲಿಸಬೇಕಾದ ನಿರ್ಣಯ ಆ ಒಂದು ಮಾತಿನಲ್ಲಿ ಅಡಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಹಿಡಿಯ ಪಟ್ಟಿ ನಡುವೆ ತುಂಡಾಗುವುದು ಅತ್ಯಪೂರ್ವ. ನೈಲಾನಿನ ನೇಯ್ದ ಪಟ್ಟಿಯಾಗಲಿ, ಹದವಾದ ತೊಗಲಾಗಲಿ, ಮನುಷ್ಯನ ಕೈ ಎತ್ತಬಲ್ಲ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದನ್ನು ತಡೆಯಬಲ್ಲದು. ಸೋಲುವುದು ಸಂಧಿ. ಆ ಸಂಧಿಯಲ್ಲಿ ಎರಡು ರೀತಿಯ ಬಲಗಳು ವರ್ತಿಸುವುದನ್ನು ಬೇರ್ಪಡಿಸಿ ನೋಡಬೇಕು. ಪಟ್ಟಿಯನ್ನು ಚೀಲದ ಮೈಗೆ ಒರಗಿಸಿ, ಮೈಯ ಉದ್ದಕ್ಕೂ ಕೆಳಗೆ ಇಳಿಸಿ ಹೊಲಿದಿದ್ದರೆ, ಎತ್ತುವಾಗ ಬರುವ ಎಳೆತ ಹೊಲಿಗೆಯ ಸಾಲಿನ ದಿಕ್ಕಿನಲ್ಲಿಯೇ ಜಾರುತ್ತದೆ. ಆಗ ಸಾಲಿನ ಪ್ರತಿಯೊಂದು ಎಳೆಯೂ ತನ್ನ ಪಾಲಿನ ಭಾರವನ್ನು ಒಟ್ಟಿಗೆ ಹೊರುತ್ತದೆ. ಅದೇ ಪಟ್ಟಿಯ ತುದಿಯನ್ನು ಚೀಲದ ಮೇಲ್ಮುಚ್ಚಳದ ಮೇಲೆ ಅಂಗೈಯಗಲ ಮಲಗಿಸಿ ಹೊಲಿದಿದ್ದರೆ, ಎತ್ತಿದಾಗ ಬಲವು ಲಂಬವಾಗಿ ಮೇಲಕ್ಕೆ ನಡೆದು ಪಟ್ಟಿಯನ್ನು ಸುಲಿಯಲೆತ್ನಿಸುತ್ತದೆ. ಆಗ ಸಮಸ್ತ ಭಾರವೂ ಅಂಚಿನ ಮೊದಲ ಎಳೆಯ ಮೇಲೆಯೇ ಬಿದ್ದು, ಅದು ಕಿತ್ತಮೇಲೆ ಎರಡನೆಯದರ ಮೇಲೆ ಬಿದ್ದು, ಬಾಳೆಹಣ್ಣಿನ ಸಿಪ್ಪೆ ಬಿಚ್ಚಿಕೊಳ್ಳುವಂತೆ ಇಡೀ ಸಾಲು ಕ್ರಮವಾಗಿ ಬಿಚ್ಚಿಕೊಳ್ಳುತ್ತದೆ. ಅಗ್ಗದ ಪ್ರಯಾಣದ ಚೀಲಗಳಲ್ಲಿ ಪದೇ ಪದೇ ಕಾಣುವುದು ಈ ಎರಡನೆಯ ವಿಧಾನ. ಹೊಲಿಗೆ ಅಚ್ಚುಕಟ್ಟಾಗಿ ಕಾಣುವುದು, ತೊಗಲು ಅಥವಾ ಬಟ್ಟೆ ಉಳಿಯುವುದು ಇವೆರಡೇ ಅದರ ಪ್ರಯೋಜನ. ಹೊರುವವನಿಗೆ ಪ್ರಯೋಜನ ಯಾವುದೂ ಇಲ್ಲ. ಉತ್ತಮವಾದ ವಿಧಾನವೆಂದರೆ ಪಟ್ಟಿಯು ಚೀಲದ ಒಂದು ಪಕ್ಕದಿಂದ ಇಳಿದು, ತಳದ ಅಡಿಯಲ್ಲಿ ಹಾಯ್ದು, ಇನ್ನೊಂದು ಪಕ್ಕದಿಂದ ಏರಿ ಬಂದು ಮತ್ತೆ ಹಿಡಿಯಾಗುವುದು. ಆಗ ಭಾರವನ್ನು ಎತ್ತುವುದು ತಳವನ್ನು ಅಪ್ಪಿಕೊಂಡ ಪಟ್ಟಿಯೇ ಹೊರತು ಚೀಲದ ಬಟ್ಟೆಯಲ್ಲ. ಹೊಲಿಗೆಯ ಕೆಲಸ ಪಟ್ಟಿಯನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದಷ್ಟೆ.

ಹಿಡಿಯ ಉದ್ದವೂ ಅದರ ಎರಡು ತುದಿಗಳ ನಡುವಿನ ಅಂತರವೂ ಇದರಷ್ಟೇ ಮುಖ್ಯ. ಚೀಲವನ್ನು ಎತ್ತಿದಾಗ ಹಿಡಿಯ ಎರಡು ಕಾಲುಗಳೂ ನೆಟ್ಟಗೆ ನಿಂತರೆ, 20 ಕಿಲೋ ಭಾರದಲ್ಲಿ ಒಂದೊಂದು ಕಾಲಿಗೆ 10 ಕಿಲೋ ಪಾಲು ಬರುತ್ತದೆ. ಕಾಲುಗಳು ಅಗಲಿಸಿ ಅವುಗಳ ನಡುವಿನ ಕೋನ 120 ಡಿಗ್ರಿಯಾದರೆ, ಒಂದೊಂದು ಕಾಲಿನ ಮೇಲೂ ಪೂರಾ 20 ಕಿಲೋ ಎಳೆತ ಬೀಳುತ್ತದೆ. 150 ಡಿಗ್ರಿಗೆ ಏರಿದರೆ ಎಳೆತ 38 ಕಿಲೋ ಮೀರುತ್ತದೆ. ಚೀಲದ ಎರಡು ತುದಿಗಳಿಗೆ ಬಿಗಿಯಾಗಿ ಕಟ್ಟಿದ ಗಿಡ್ಡ ಹಿಡಿ ನೋಟಕ್ಕೆ ಶಿಸ್ತಾಗಿ ಕಂಡರೂ ಸಂಧಿಗೆ ಶತ್ರುವಾಗುವುದು ಈ ಕಾರಣದಿಂದ. ಇದಕ್ಕೆ ಪ್ರಯಾಣದ ಇನ್ನೊಂದು ಧರ್ಮ ಸೇರುತ್ತದೆ: ಚೀಲವನ್ನು ಯಾರೂ ತಕ್ಕಡಿಯಲ್ಲಿ ತೂಗುವಂತೆ ಮೆಲ್ಲನೆ ಎತ್ತುವುದಿಲ್ಲ. ರೈಲು ನಿಲ್ಲುವುದೇ ಒಂದೆರಡು ನಿಮಿಷವಿದ್ದಾಗ, ಬಾಗಿಲಲ್ಲಿ ನಿಂತವರು ಕೆಳಗಿನವರ ಕೈಯಿಂದ ಚೀಲವನ್ನು ಸೆಳೆದುಕೊಳ್ಳುತ್ತಾರೆ. ನಿಂತ ಭಾರವನ್ನು ಹಠಾತ್ತಾಗಿ ಹೇರಿದರೆ ಅದರ ಪರಿಣಾಮ ಇಮ್ಮಡಿಯಾಗುತ್ತದೆಂದು ಯಂತ್ರಶಾಸ್ತ್ರ ಹೇಳುತ್ತದೆ. ಕೊಂಚ ಎತ್ತರದಿಂದ ಬಿದ್ದು ಜಗ್ಗಿದರೆ ಅದಕ್ಕೂ ಹೆಚ್ಚು. ಮನೆಯ ಜಗಲಿಯ ಮೇಲೆ ಎತ್ತಿ ನೋಡಿ ಗಟ್ಟಿಯಾಗಿದೆಯೆಂದು ನಿಶ್ಚಯಿಸಿದ ಹಿಡಿ ನಿಲ್ದಾಣದಲ್ಲಿ ಕೈಕೊಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಭಾರವನ್ನು ಸಂಧಿಯ ಮೇಲೆ ಬೀಳಗೊಡದೆ ಹೊರುವ ಉಪಾಯವನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ಬಲ್ಲವರಾಗಿದ್ದರು. ವ್ಯಾಪಾರಿಗಳು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ, ಹೇರೆತ್ತಿನ ಬೆನ್ನಿನ ಮೇಲೂ ಹಾಸುತ್ತಿದ್ದ ಹಸುಬೆಗೆ ಹಿಡಿಯೆಂಬುದೇ ಇಲ್ಲ. ಹಿಂದೊಂದು ಮುಂದೊಂದು ಜೇಬಿನಂತೆ ಇಳಿಬಿದ್ದು, ನಡುವಿನ ಅಖಂಡವಾದ ಬಟ್ಟೆ ಹೆಗಲನ್ನು ಬಳಸುವುದರಿಂದ, ಕೀಳಬಹುದಾದ ಸಂಧಿಯೇ ಅದರಲ್ಲಿರಲಿಲ್ಲ. ಬಯಲುಸೀಮೆಯ ಬಾವಿಗಳಿಂದ ನೀರೆತ್ತುವ ಕಪಿಲೆ ಇನ್ನೂ ಕಠಿನವಾದ ಪರೀಕ್ಷೆ. ನೂರು ಲೀಟರಿಗೂ ಮಿಗಿಲಾದ ನೀರನ್ನು ತುಂಬಿಕೊಂಡ ತೊಗಲಿನ ಚೀಲವನ್ನು ಎತ್ತುಗಳು ಇಳಿಜಾರಿನಲ್ಲಿ ನಡೆದು ಸೆಳೆಯುತ್ತಿದ್ದವು, ಅದೂ ಮುಂಜಾನೆಯಿಂದ ಹೊತ್ತೇರುವವರೆಗೆ ಬಿಡುವಿಲ್ಲದೆ. ಹಗ್ಗವನ್ನು ತೊಗಲಿಗೆ ನೇರವಾಗಿ ಕಟ್ಟಿದ್ದರೆ ನಾಲ್ಕು ದಿನಕ್ಕೆ ಹರಿದುಹೋಗಬೇಕಾಗಿದ್ದಿತು. ಅದಕ್ಕೆಂದೇ ಬಾಯಿಗೆ ಕಬ್ಬಿಣದ ಬಳೆಯನ್ನಿಟ್ಟು, ತೊಗಲನ್ನು ಆ ಬಳೆಯ ಸುತ್ತಲೂ ಹೆಣೆದು, ಹಗ್ಗವನ್ನು ಬಳೆಗೆ ಬಿಗಿಯುತ್ತಿದ್ದರು. ಒಂದು ಬಿಂದುವಿನಲ್ಲಿ ಬರುವ ಎಳೆತ ವೃತ್ತದ ಉದ್ದಕ್ಕೂ ಹಂಚಿಹೋಗುತ್ತಿದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸಿನಲ್ಲಿ ಕ್ರೋಮ್ ಹದದ ತೊಗಲಿನ ಪ್ರಯೋಗಗಳನ್ನು ನಡೆಸಿ, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಬಂದ ಆಲ್ಫ್ರೆಡ್ ಚಾಟರ್ಟನ್ನರು, ನೀರಿನಲ್ಲಿ ಕೊಳೆಯದ ಆ ತೊಗಲನ್ನು ಬಾವಿಯ ಚೀಲಗಳಿಗೆ ಬಳಸುವುದರಲ್ಲಿ ವಿಶೇಷ ಆಸಕ್ತಿ ತೋರಿದ್ದರು. ಅದಕ್ಕೆ ಮುಂಚೆ ದಕ್ಷಿಣದ ತೊಗಲಿಗೆ ಹದ ಕೊಡುತ್ತಿದ್ದುದು ತಂಗಡಿಯ, ಎಂದರೆ ಆವರಿಕೆಯ ತೊಗಟೆ. ಬಯಲಿನ ಒಣ ಹೊಲಗಳ ಅಂಚಿನಲ್ಲಿ ಹಳದಿಯ ಹೂವು ಬಿಟ್ಟು ನಿಲ್ಲುವ ಆ ಗಿಡವೇ ಒಂದು ಕಾಲದಲ್ಲಿ ಹೊರದೇಶಗಳಿಗೆ ರಫ್ತಾಗುತ್ತಿದ್ದ ತೊಗಲಿಗೂ ಆಧಾರವಾಗಿದ್ದಿತು. ಅಮೃತಮಹಲ್ ತಳಿಯ ದನಗಳ ಸಂವರ್ಧನ ಕೇಂದ್ರವಿರುವ, ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೆಂಬ ದನಗಳ ಇಲಾಖೆಯಿಂದ ಟಿಪ್ಪುವಿನ ಅಮೃತಮಹಲಿನವರೆಗಿನ ಪರಂಪರೆಯನ್ನು ಇಂದಿಗೂ ಉಳಿಸಿಕೊಂಡಿರುವ ಅಜ್ಜಂಪುರದ ನೆರೆಯಲ್ಲಿ, ಎತ್ತು, ಹಗ್ಗ, ತೊಗಲು, ಭಾರ ಇವುಗಳ ಸಂಬಂಧವನ್ನು ಜನ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಕಬ್ಬಿಣದ ಬಳೆಯ ತತ್ತ್ವವನ್ನೇ ಇಂದಿನ ಕುಶಲಕರ್ಮಿ ಒಂದು ಉಂಗುರದಲ್ಲಿ ಸಾಧಿಸುತ್ತಾನೆ. ಹಿಡಿಯನ್ನು ಚೀಲಕ್ಕೆ ನೇರವಾಗಿ ಹೊಲಿಯದೆ, ಅರ್ಧಚಂದ್ರಾಕೃತಿಯ ಲೋಹದ ಉಂಗುರಕ್ಕೆ ಪೋಣಿಸಿ, ಆ ಉಂಗುರವನ್ನು ತೊಗಲಿನ ಮಡಿಕೆಯೊಂದರಲ್ಲಿ ಹಿಡಿಸಿ, ಮಡಿಕೆಯನ್ನು ಚೀಲದ ಮೈಮೇಲೆ ಕೆಳಮುಖವಾಗಿ ಹೊಲಿದರೆ, ಹಿಡಿಯು ಕೈ ಎಳೆದ ಕಡೆಗೆ ತಾನೇ ತಿರುಗುತ್ತದೆ. ತಿರುಚುವ ಬಲ ಹೊಲಿಗೆಗೆ ತಲುಪುವುದಿಲ್ಲ. ಒಳಗಡೆ ಇಡುವ ಒತ್ತುಪಟ್ಟಿಯಲ್ಲಿ ಇನ್ನೂ ಸೂಕ್ಷ್ಮವಾದ ವಿವೇಕವಿದೆ. ರೆಕ್ಸಿನ್ನಿನ ಶಕ್ತಿಯೆಲ್ಲ ಅದರ ಹಿಂಬದಿಯ ಬಟ್ಟೆಯಲ್ಲಿರುವುದೇ ಹೊರತು ಮೇಲಿನ ಲೇಪದಲ್ಲಿ ಅಲ್ಲ. ಲೇಪ ಹಳತಾದಂತೆ ಬಿರಿಯುತ್ತದೆ. ಆದ್ದರಿಂದ ಒಳಗೆ ಕ್ಯಾನ್ವಾಸಿನ ಅಥವಾ ತೊಗಲಿನ ತುಂಡನ್ನಿಟ್ಟು, ಅದನ್ನು ಹೊರಗಿನ ಪಟ್ಟಿಗಿಂತ ದೊಡ್ಡದಾಗಿ ಕತ್ತರಿಸಿ, ಎರಡರ ಅಂಚುಗಳೂ ಒಂದೇ ಗೆರೆಯ ಮೇಲೆ ಬೀಳದಂತೆ ನೋಡಿಕೊಂಡು, ಮೂಲೆಗಳನ್ನು ದುಂಡಗೆ ಮಾಡುತ್ತಾರೆ. ಚೂಪಾದ ಮೂಲೆಯಲ್ಲಿ ಬಲ ಕೇಂದ್ರೀಕೃತವಾಗಿ ಹರಕು ಅಲ್ಲಿಂದಲೇ ಆರಂಭವಾಗುವುದೆಂಬುದನ್ನು ಕೈಯ ಅನುಭವ ಅವರಿಗೆ ಕಲಿಸಿದೆ.

ಹೊಲಿಗೆಯ ವಿಷಯದಲ್ಲಂತೂ ಕೈಯೇ ಯಂತ್ರಕ್ಕಿಂತ ಮೇಲು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಬಟ್ಟೆಯ ನಡುವೆ ಕೊಂಡಿ ಹಾಕಿಕೊಂಡು ನಿಲ್ಲುತ್ತವೆ. ಒಂದು ಎಳೆ ಸವೆದು ತುಂಡಾದರೆ ಅಕ್ಕಪಕ್ಕದ ಕೊಂಡಿಗಳೂ ಸಡಿಲವಾಗುತ್ತವೆ. ಒಂದೇ ದಾರದ ಎರಡು ತುದಿಗೂ ಸೂಜಿ ಕಟ್ಟಿ, ಪ್ರತಿಯೊಂದು ತೂತಿನಲ್ಲೂ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹಾಯಿಸಿ ಬಿಗಿಯುವ ಕೈಹೊಲಿಗೆಯಲ್ಲಿ ಒಂದೆಡೆ ದಾರ ಹರಿದರೂ ಇನ್ನೊಂದು ಎಳೆ ಅದೇ ತೂತಿನಲ್ಲಿ ಹಿಡಿದಿರುತ್ತದೆ. ಕುದುರೆಯ ಜೀನು ಹೊಲಿಯುವವರಿಗೆ ಜಗತ್ತಿನಾದ್ಯಂತ ಗೊತ್ತಿರುವ ವಿಧಾನವಿದು. ಬಲವಾಗಲೆಂದು ತೂತುಗಳನ್ನು ಒತ್ತೊತ್ತಾಗಿ ಮಾಡುವುದು ತಪ್ಪು. ತೊಗಲು ಆ ಸಾಲಿನಲ್ಲಿಯೇ ಹರಿಯುತ್ತದೆ. ರಿವಿಟ್ಟು ಹೊಡೆಯುವಾಗಲೂ ಅಂಚಿನಿಂದ ಸಾಕಷ್ಟು ಒಳಗೆ ತೂತು ಮಾಡಿ, ಹಿಂದೆ ವಾಷರ್ ಕೊಡಬೇಕು. ಹತ್ತಿಯ ದಾರ ತೇವಕ್ಕೆ ಕೊಳೆಯುತ್ತದೆಂದು ಈಗ ನೈಲಾನ್, ಪಾಲಿಯೆಸ್ಟರ್ ದಾರಗಳು ಬಂದಿವೆ. ಬಿಸಿಲಿನಲ್ಲಿ ಹೆಚ್ಚು ಕಾಲ ಬಾಳುವುದು ಪಾಲಿಯೆಸ್ಟರ್.

ಗಾಲಿಗಳು ಬಂದಮೇಲೆ ಹಿಡಿಯ ಪ್ರಶ್ನೆ ಪರಿಹಾರವಾಯಿತೆಂದು ಭಾವಿಸುವವರುಂಟು. ಅಮೆರಿಕದ ಬರ್ನಾರ್ಡ್ ಸ್ಯಾಡೋ ಗಾಲಿಯ ಸೂಟ್‌ಕೇಸಿಗೆ 1972ರಲ್ಲಿ ಪೇಟೆಂಟ್ ಪಡೆದನು. ಮುಂದೆ 1980ರ ದಶಕದಲ್ಲಿ ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕನು ಅದನ್ನು ನೆಟ್ಟಗೆ ನಿಲ್ಲಿಸಿ ಉದ್ದನೆಯ ಹಿಡಿ ಕೊಟ್ಟನು. ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಅದು ಸಾರ್ಥಕವಾದ ಆವಿಷ್ಕಾರ. ಆದರೆ ಬಸ್ಸಿನ ಮೆಟ್ಟಿಲು, ಮೇಲ್ಸೇತುವೆ, ರೈಲಿನ ಬಾಗಿಲು, ಅಜ್ಜಂಪುರದ ಕಡೆಯ ಎರೆಮಣ್ಣಿನ ಮಳೆಗಾಲದ ದಾರಿ ಇವೆಲ್ಲವುಗಳಲ್ಲಿ ಗಾಲಿಯ ಚೀಲವನ್ನೂ ಎತ್ತಿಯೇ ನಡೆಯಬೇಕು. ಗಾಲಿ, ಚೌಕಟ್ಟು, ಕೊಳವೆಗಳ ತೂಕ ಬೇರೆ ಸೇರಿರುತ್ತದೆ. ಅಂಥ ಚೀಲದ ಪಕ್ಕದ ಹಿಡಿಯನ್ನು ಅಲಂಕಾರದಂತೆ ಎರಡು ಸ್ಕ್ರೂಗಳಿಂದ ಪ್ಲಾಸ್ಟಿಕ್ಕಿನ ಮೈಗೆ ಅಂಟಿಸಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತೊಗಲಿನ ಕಾಯಕದ ಹರಳಯ್ಯನಂಥವರನ್ನು ಶರಣರ ಪಂಕ್ತಿಯಲ್ಲಿ ಕಂಡ ನಾಡು ನಮ್ಮದು. ಆದರೂ ತೊಗಲಿನ ಕೆಲಸಗಾರನನ್ನು ಬೀದಿಯ ಅಂಚಿನಲ್ಲಿಯೇ ಕೂರಿಸಿದ ನಾಡೂ ಇದೇ. 1976ರಲ್ಲಿ ಸ್ಥಾಪಿತವಾಗಿ ಈಗ ಬಾಬು ಜಗಜೀವನರಾಮರ ಹೆಸರನ್ನು ಹೊತ್ತಿರುವ, ಲಿಡ್ಕರ್ ಎಂದು ಜನ ಬಲ್ಲ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮವು ಈ ವೃತ್ತಿಯವರಿಗೆ ತರಬೇತಿ ಕೊಡುತ್ತದೆ, ಅವರ ಸಾಮಗ್ರಿಗಳನ್ನು ಮಾರುತ್ತದೆ. ಅದರ ಜೊತೆಗೆ ಇನ್ನೊಂದು ಕೆಲಸ ನಡೆಯಬೇಕೆಂದು ನನ್ನ ಆಶೆ: ಹೊಸ ಚೀಲವನ್ನು ರೂಪಿಸುವವರು ಕಡೂರಿನ ಅಥವಾ ತರೀಕೆರೆಯ ಬಸ್ ನಿಲ್ದಾಣದ ಬಳಿ ಕೆಲವು ವಾರ ಕುಳಿತು, ರಿಪೇರಿಗೆ ಬರುವ ಚೀಲಗಳು ಎಲ್ಲಿ ಎಲ್ಲಿ ಹರಿದಿವೆಯೆಂಬುದನ್ನು ಬರೆದಿಟ್ಟುಕೊಳ್ಳಬೇಕು, ಸರಿಪಡಿಸಿದ ಹಿಡಿ ಮತ್ತೆ ಕಿತ್ತು ಬರುವುದೇ, ಬಂದರೆ ಎಷ್ಟು ದಿನಕ್ಕೆ ಎಂಬುದನ್ನೂ ಗುರುತಿಸಬೇಕು, ಆ ಸಮಯಕ್ಕೆ ಕುಶಲಕರ್ಮಿಗೆ ಬೋಧಕನಿಗೆ ಸಲ್ಲುವ ಸಂಭಾವನೆಯನ್ನೇ ಸಲ್ಲಿಸಬೇಕು. ಅಷ್ಟರವರೆಗೆ, ಊರಿಗೆ ಹೊರಡುವ ಮುನ್ನ ಹೊಸ ಚೀಲ ಕೊಳ್ಳುವವರು ಅದರ ಬಣ್ಣವನ್ನೂ ಜಿಪ್ಪನ್ನೂ ಪರೀಕ್ಷಿಸಿದ ಮೇಲೆ, ಕೈಯನ್ನು ಒಳಗೆ ತೂರಿಸಿ ಹಿಡಿಯ ಹಿಂಬದಿಯನ್ನೂ ಒಮ್ಮೆ ತಡವಿ ನೋಡಲಿ. ಅಲ್ಲಿ ಒತ್ತುಪಟ್ಟಿ ಕೈಗೆ ಸಿಕ್ಕದಿದ್ದರೆ, ಊರ ಕುಶಲಕರ್ಮಿಯಿಂದ ಅದನ್ನು ಹಾಕಿಸಿಕೊಂಡ ಬಳಿಕವೇ ತೆಂಗಿನಕಾಯಿ ತುಂಬಲಿ.